ಸೋಮವಾರದವರು

ಸೋಮವಾರದ ಮೊದಲ ಕೆಲಸ ಸಸಿಗಳ ಚೀಲ ಬಿಚ್ಚುವುದು.

ಶನಿವಾರ ಕಾಡಿಗೆ ಬರುವ ಸ್ವಯಂಸೇವಕರು ಸಸಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಹೂಳಿ ಹೋಗುತ್ತಿದ್ದರು. ಎಲ್ಲರೂ ಅಲ್ಲ, ಹತ್ತರಲ್ಲಿ ನಾಲ್ವರು. ಗುಂಡಿ ತೋಡುವುದು, ಚೀಲವನ್ನು ಹಾಗೇ ಇಳಿಸುವುದು, ಮಣ್ಣು ಮುಚ್ಚಿ ಎರಡು ಸಲ ತಟ್ಟಿ ಫೋಟೋಕ್ಕೆ ನಗುವುದು. ಸೋಮವಾರ ಬೆಳಿಗ್ಗೆ ತಗ್ಗು ಕೇರಿಯ ನಾಲ್ವರು ಹೆಂಗಸರು ಅದೇ ಗುಂಡಿಯನ್ನು ಮತ್ತೆ ತೋಡಿ, ಚೀಲ ಹರಿದು, ಸುತ್ತಿಕೊಂಡ ಬೇರು ಬಿಡಿಸಿ, ಸಸಿಯನ್ನು ಅದೇ ಜಾಗದಲ್ಲಿ ಅದೇ ವಾಲಿನಲ್ಲಿ ನಿಲ್ಲಿಸಬೇಕು. ವಾಲು ಬದಲಾಗಬಾರದು. ಫೋಟೋದಲ್ಲಿ ಎಡಕ್ಕೆ ವಾಲಿದ ಸಸಿ ಮುಂದಿನ ಶನಿವಾರವೂ ಎಡಕ್ಕೇ ವಾಲಿರಬೇಕು.

"ಹೆತ್ತ ಹೆಸರು ಅವರಿಗೆ, ಬಾಣಂತನ ನಮಗೆ," ಎನ್ನುತ್ತಿದ್ದಳು ಅತ್ತಿಗೆ, ಹರಿದ ಚೀಲಗಳನ್ನು ಗೋಣಿಗೆ ತುರುಕುತ್ತ.

ಅವಳು ಉದ್ದಕ್ಕನ ಅಣ್ಣನ ಹೆಂಡತಿ. ಉದ್ದಕ್ಕ ಆ ನಾಲ್ವರಲ್ಲಿ ಎಲ್ಲರಿಗಿಂತ ತಲೆಯೊಂದು ಎತ್ತರ ಇದ್ದವಳು. ಇಬ್ಬರು ಸೇರಿ ದಿಮ್ಮಿ ಹೊತ್ತರೆ ಅವಳ ಕಡೆಯ ತುದಿ ಮೇಲಕ್ಕೇಳುತ್ತಿತ್ತು, ಭಾರವೆಲ್ಲ ಹಿಂದಿನವಳ ಹೆಗಲಿಗೆ ಜಾರುತ್ತಿತ್ತು. ಅದಕ್ಕೆ ಅವಳು ಮೊಣಕಾಲು ಬಗ್ಗಿಸಿ ನಡೆಯುವುದನ್ನು ಕಲಿತಿದ್ದಳು. ನಲವತ್ತಾರರ ಹೆಂಗಸು ದಿನವಿಡೀ ಹಾಗೆ ನಡೆದರೆ ಸಂಜೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕಾಗುತ್ತದೆ. ಉದ್ದಕ್ಕ ಗೋಡೆ ಹಿಡಿಯುತ್ತಿದ್ದಳು.

ಸೋಮವಾರದ ಎರಡನೆಯ ಕೆಲಸ ಒಡ್ಡು.

ಕಾಡಿನಿಂದ ಇಳಿಯುವ ಹಳ್ಳ ಪ್ರತಿ ಮಳೆಗಾಲದಲ್ಲೂ ಊರಿಗೆ ನುಗ್ಗುತ್ತಿತ್ತು. ಮೊದಲು ತಗ್ಗು ಕೇರಿಗೆ. ಅಲ್ಲಿ ಹಾಸಿಗೆ, ಒಲೆ, ಮಕ್ಕಳ ಪುಸ್ತಕ ತೇಲುವುದು ಯಾರಿಗೂ ಸುದ್ದಿಯಾಗಿರಲಿಲ್ಲ. ಎರಡು ವರ್ಷದ ಹಿಂದೆ ಪೇಟೆ ಬೀದಿಯ ಅಂಗಡಿಗಳಿಗೂ ನೀರು ಹೊಕ್ಕಿತು. ಆಗ ಯೋಜನೆ ಬಂತು. ಸಿಮೆಂಟಿನ ಗೋಡೆ ಬೇಡ, ಕಾಡಿನೊಳಗೇ ನೀರಿನ ಓಟ ತಗ್ಗಿಸೋಣ, ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿಗಳನ್ನು ಪೇರಿಸೋಣ, ದಂಡೆಗೆ ಸಸಿ ನೆಡೋಣ ಎಂದರು. ಒಂಬತ್ತು ಒಡ್ಡು. ಕಟ್ಟುವವರು ಊರಿನ ಸ್ವಯಂಸೇವಕರು.

ಒಡ್ಡು ಹೇಗಿರಬೇಕೆಂದು ಹೇಳಿಕೊಟ್ಟ ಇಂಜಿನಿಯರು ಒಂದೇ ದಿನ ಬಂದಿದ್ದ. ಅಳತೆ ಪಟ್ಟಿ ಹಿಡಿಯಲು ಕರೆಸಿದ್ದ ಕೂಲಿಯವಳು ಉದ್ದಕ್ಕ. ಅವನು ಅವಳ ಕೈಯನ್ನೇ ಎತ್ತಿ ತೋರಿಸಿದ್ದ. "ಕೆಳಗಿನ ದಿಮ್ಮಿಗೂ ದಿನದ ನೀರಿಗೂ ನಡುವೆ ಇವರ ಮೊಣಕೈಯಿಂದ ಬೆರಳ ತುದಿವರೆಗೆ ಜಾಗ ಇರಲಿ. ದಿನದ ನೀರು ಕೆಳಗೆ ಹೋಗಲಿ. ಹುಚ್ಚು ನೀರು ಬಂದಾಗ ಮಾತ್ರ ಒಡ್ಡಿಗೆ ಬಡಿದು ಕಾಡಿಗೆ ಹರಡಲಿ. ದಿಮ್ಮಿಯ ತುದಿಗಳು ನಿಂತ ಮರದ ಮೇಲ್ಗಡೆ, ನೀರು ಬರೋ ಬದಿಗೆ, ಸಿಕ್ಕಿರಬೇಕು. ಆಗ ನೀರು ನೂಕಿದಷ್ಟೂ ಬಿಗಿಯಾಗ್ತದೆ."

ಹತ್ತಾರು ಜನ ತಲೆಯಾಡಿಸಿದರು. ನೆನಪಿಟ್ಟುಕೊಂಡವಳು ಒಬ್ಬಳೇ. ತಮ್ಮ ಮನೆಗೆ ನೀರು ಬರುವವರು ನೀರಿನ ಮಾತನ್ನು ಬೇರೆ ಥರ ಕೇಳಿಸಿಕೊಳ್ಳುತ್ತಾರೆ.

ಶನಿವಾರದವರಿಗೆ ಆ ಖಾಲಿ ಜಾಗ ಕಂಡರಾಗುತ್ತಿರಲಿಲ್ಲ. ಇಷ್ಟು ಮೈ ಮುರಿದು ಕಟ್ಟಿದ ಮೇಲೆ ನೀರು ಕೆಳಗಿನಿಂದ ಆರಾಮಾಗಿ ಹರಿದು ಹೋಗುವುದೇ? ಅವರು ಟೊಂಗೆ, ಸೊಪ್ಪು, ಪಾಚಿ, ಜೇಡಿಮಣ್ಣು ತಂದು ಸಂದು ಮುಚ್ಚುತ್ತಿದ್ದರು. ನೀರು ನಿಲ್ಲುತ್ತಿತ್ತು. ಕೊಳವಾಗುತ್ತಿತ್ತು. ಚಪ್ಪಾಳೆ. ದಿಮ್ಮಿಗಳನ್ನು ಮರದ ಕೆಳಗಡೆಗೆ, ನೀರು ಹೋಗುವ ಬದಿಗೆ, ಹಗ್ಗದಲ್ಲಿ ಬಿಗಿದು, ಹಗ್ಗಕ್ಕೆ ಹೂವಿನ ಗಂಟು ಹಾಕುತ್ತಿದ್ದರು. ಸೋಮವಾರ ನಾಲ್ವರೂ ಸೊಂಟದವರೆಗೆ ನೀರಿಗಿಳಿದು ಆ ಸೊಪ್ಪನ್ನೆಲ್ಲ ಕೊಕ್ಕೆ ಕೋಲಿನಲ್ಲಿ ಎಳೆಯುತ್ತಿದ್ದರು. ದಿಮ್ಮಿ ಕಳಚಿ ಮರದ ಮೇಲ್ಗಡೆಗೆ ಸಿಕ್ಕಿಸುತ್ತಿದ್ದರು. ಆಮೇಲೆ ಹೊರಗೆ ಕಾಣುವಲ್ಲಿ ಅವರ ಹೂವಿನ ಗಂಟನ್ನು ಮೊದಲಿದ್ದ ಹಾಗೆಯೇ ಕಟ್ಟುತ್ತಿದ್ದರು.

ಮೇಲ್ವಿಚಾರಕ ಕೊರಳಿಗೆ ಸೀಟಿ ನೇತುಹಾಕಿಕೊಂಡಿರುತ್ತಿದ್ದ. ಹೆಂಗಸರು ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು. ಅವನ ನಿಯಮ ಎರಡೇ. "ಶನಿವಾರ ನೀವು ಯಾರೂ ಕಾಡಲ್ಲಿ ಕಾಣಿಸಬಾರದು. ಸೋಮವಾರದ ಮಾತು ಹೊರಗೆ ಹೋಗಬಾರದು. ಅವರು ಪ್ರೀತಿಯಿಂದ ಬರೋರು. ಮನಸ್ಸು ಮುರಿಬಾರದು."

"ನಮ್ಮ ಸೊಂಟ ಮುರಿದ್ರೆ?" ಎಂದು ಕೇಳಿದ್ದಳು ಅತ್ತಿಗೆ.

"ಅದಕ್ಕೆ ಕೂಲಿ ಕೊಡ್ತೀವಲ್ಲ."

ಉದ್ದಕ್ಕನಿಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚೆಂದದ ಹೆಸರು ಹುಡುಕುವುದು ಬೇಡ. ಶನಿವಾರದವರ ಬೂಟು ಕಂಡು ಹೊಟ್ಟೆಕಿಚ್ಚು, ಕೈಗವಸು ಕಂಡು ಹೊಟ್ಟೆಕಿಚ್ಚು. ಎಲ್ಲಕ್ಕಿಂತ ಹೆಚ್ಚಾಗಿ ಅವರ ದಣಿವಿನ ಮೇಲೆ. ಅವರು ದಣಿದರೆ ಅದೊಂದು ಸಮಾಚಾರ. ಶನಿವಾರ ಸಂಜೆ ಪೇಟೆ ಬೀದಿಯಲ್ಲಿ "ಅಬ್ಬಾ, ಸೊಂಟ ಹೋಯ್ತು!" ಎಂದು ಒಬ್ಬಳು ಕೂಗಿದರೆ ನಾಲ್ವರು ನಗುತ್ತಿದ್ದರು, ಒಬ್ಬ ನೀರು ತರುತ್ತಿದ್ದ. ಉದ್ದಕ್ಕನ ದಣಿವು ಮೂವತ್ತು ವರ್ಷದಿಂದ ಯಾರ ಕಿವಿಗೂ ಬೀಳದೆ ಮೈಯಲ್ಲೇ ಕೂತಿತ್ತು.

ಅವರಲ್ಲಿ ಒಬ್ಬಳು ಟೋಪಿಯಮ್ಮ. ಅಗಲ ಅಂಚಿನ ಹುಲ್ಲಿನ ಟೋಪಿ ಹಾಕುತ್ತಿದ್ದವಳು, ಸ್ವಯಂಸೇವಕರ ಮುಖಂಡಳು. ವಯಸ್ಸು ಉದ್ದಕ್ಕನದೇ. ನಡುವಯಸ್ಸಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಕಾಡಿಗೆ ಬಂದಳಂತೆ. 'ಮಣ್ಣು ನನ್ನನ್ನು ಮತ್ತೆ ಹುಟ್ಟಿಸಿತು' ಎಂದು ಪತ್ರಿಕೆಗೆ ಹೇಳಿದ್ದಳಂತೆ. ಉದ್ದಕ್ಕ ಆ ಪತ್ರಿಕೆಯನ್ನು ಕಿಟಕಿಯ ಗಾಜು ಒರೆಸುವಾಗ ಓದಿದ್ದಳು. ಓದಿದ ಮೇಲೆ ಗಾಜನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದ್ದಳು.

ಇದು ಬರೀ ಬೂಟಿನ ಕಿಚ್ಚಾಗಿದ್ದರೆ ಸುಟ್ಟು ತಣ್ಣಗಾಗುತ್ತಿತ್ತೇನೋ. ಅವಳೂ ಒಂದು ಶನಿವಾರ ಆ ಕಾಡಿಗೆ ಹೋಗಿದ್ದಳು. ಮೊಟ್ಟಮೊದಲ ಶನಿವಾರ. ಒಗೆದ ಸೀರೆ ಉಟ್ಟು, ತಲೆ ಬಾಚಿ, ಹೆಸರು ಬರೆಸಲು. ಮರದಡಿ ಮೇಜು, ಮೇಜಿನ ಮೇಲೆ ಪುಸ್ತಕ. ಬಂದವರೆಲ್ಲ ಬರೆಯುತ್ತಿದ್ದರು. ಒಂದು ಸಾಲಿನಲ್ಲಿ 'ಯಾಕೆ ಸೇರಲು ಇಷ್ಟ' ಎಂದಿತ್ತು. ಸರದಿಯಲ್ಲಿ ನಿಂತಾಗಲೇ ಅವಳು ತನ್ನ ಉತ್ತರ ಜೋಡಿಸಿಕೊಂಡಿದ್ದಳು. ನಮ್ಮ ಕೇರಿಗೆ ಮೊದಲು ನೀರು ಬರುತ್ತದೆ. ನನಗೆ ಈ ಹಳ್ಳ ಗೊತ್ತು. ಅಷ್ಟೇ.

ಸೀಟಿ ಪುಸ್ತಕದ ಮೇಲೆ ಅಂಗೈ ಇಟ್ಟಿದ್ದ.

"ಏನಕ್ಕ, ಇಲ್ಲಿ?"

"ಹೆಸರು ಬರೆಸೋಕೆ."

"ಇದು ಪುಕ್ಕಟೆ ಕೆಲಸ. ಕೂಲಿ ಇಲ್ಲ."

"ಗೊತ್ತು. ಪುಕ್ಕಟೇನೇ ಮಾಡ್ತೀನಿ."

ಅವನು ನಕ್ಕ. ಹಿಂದಿದ್ದವರೂ ನಕ್ಕರು, ಕೆಟ್ಟದಾಗಿ ಅಲ್ಲ, ತಮಾಷೆ ಕೇಳಿದವರ ಹಾಗೆ. "ನೀವು ಪುಕ್ಕಟೆ? ಯಾರಕ್ಕ ನಂಬ್ತಾರೆ?" ಆಮೇಲೆ ದನಿ ತಗ್ಗಿಸಿದ. ತಗ್ಗಿಸಿದ ದನಿಯೇ ಹೆಚ್ಚು ಚುಚ್ಚಿದ್ದು. "ಇಲ್ಲಿ ಮಚ್ಚು, ಗರಗಸ ಎಲ್ಲ ಇರ್ತವೆ. ಕೇರಿಯವರು ಬಂದ್ರೆ ನಾಳೆ ಲೆಕ್ಕ ನಾನು ಕೊಡಬೇಕು. ಸೋಮವಾರ ಬನ್ನಿ, ಕೂಲಿ ಇದೆ."

ಮೇಜಿನ ಪಕ್ಕ ಹನ್ನೆರಡು ಹೊಸ ಮಚ್ಚುಗಳು ಹೊಳೆಯುತ್ತಿದ್ದವು. ಇದೇ ಕಾಡಿನಲ್ಲಿ ಒಣ ಸೌದೆ ಕಡಿದದ್ದಕ್ಕೆ ಅವಳ ಅವ್ವನ ಮಚ್ಚನ್ನು ಕಾವಲುಗಾರ ಕಿತ್ತುಕೊಂಡಿದ್ದ. ಹೊರೆಯನ್ನು ಅವ್ವನ ತಲೆಯ ಮೇಲೇ ಇರಿಸಿ, ಪೇಟೆ ಬೀದಿಯ ಉದ್ದಕ್ಕೂ ನಡೆಸಿ, ಕಚೇರಿಯ ಒಲೆಯ ಮುಂದೆ ಇಳಿಸಿಕೊಂಡಿದ್ದ. ಹನ್ನೊಂದು ವರ್ಷದ ಹುಡುಗಿ ಉದ್ದಕ್ಕ ಹಿಂದೆ ನಡೆದಿದ್ದಳು. ಈಗ ಟೋಪಿಯಮ್ಮ ಮಚ್ಚೊಂದನ್ನು ಎತ್ತಿ, ಅದನ್ನು ಹಿಡಿಯುವುದು ಹೇಗೆಂದು ಹೊಸಬರಿಗೆ ತೋರಿಸುತ್ತಿದ್ದಳು. ತಪ್ಪಾಗಿ ಹಿಡಿದಿದ್ದಳು.

ಅವತ್ತು ಉದ್ದಕ್ಕನಿಗೆ ಬೇಕಾಗಿದ್ದದ್ದು ಏನು? ಕೊಡುವವಳು ಅನ್ನಿಸಿಕೊಳ್ಳುವುದು. ಹುಟ್ಟಿದಾಗಿನಿಂದ ಕೂಲಿಗೆ ಕೈ ಚಾಚಿದವಳಿಗೆ ಒಂದು ಸಲ ಏನೂ ಬೇಡ ಎನ್ನುವ ಆಸೆಯಾಗಿತ್ತು. ಅದನ್ನೂ ಕೊಡಲಿಲ್ಲ. ಅವಳು ಸೋಮವಾರದ ಕೂಲಿಗೆ ಹೋದಳು. ಗಂಡ ಲಾರಿಯ ಮೇಲೆ ಹೋದವನು ತಿಂಗಳಿಗೊಮ್ಮೆ ಬರುತ್ತಿದ್ದ. ಬಂದಾಗ ತರುತ್ತಿದ್ದದ್ದು ಒಗೆಯುವ ಬಟ್ಟೆ.

ಹೀಗಿರುವಾಗ ಮಗಳು ಸ್ವಯಂಸೇವಕಿಯಾದಳು.

ಕಾಲೇಜಿನಿಂದ ಪಟ್ಟಿ ಹೋಗಿತ್ತು. ಪಟ್ಟಿಯಲ್ಲಿ ಕಾಲೇಜಿನ ಹೆಸರಿತ್ತು, ಕೇರಿಯ ಹೆಸರಿರಲಿಲ್ಲ. ಹತ್ತೊಂಬತ್ತರ ಹುಡುಗಿ ಮೊದಲ ಶನಿವಾರ ಮನೆಗೆ ಬಂದವಳೇ ಬಾಗಿಲಲ್ಲಿ ಕೂತು ಅಂಗೈ ಚಾಚಿದಳು.

"ಅಮ್ಮಾ, ನೋಡು! ಬೊಬ್ಬೆ!"

ಒಲೆಯ ಮುಂದಿದ್ದ ಉದ್ದಕ್ಕ ತಿರುಗಿ ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಅವರೆಕಾಳಿನಷ್ಟು ಬೊಬ್ಬೆ.

"ಮೇಡಂ ಹೇಳಿದ್ರು, ಇದು ನಿನ್ನ ಮೊದಲನೇ ಪದಕ ಅಂತ. ಅವರೇ ಮುಲಾಮು ಹಚ್ಚಿದ್ರು. ಅವರ ಕೈ ಎಷ್ಟು ಗಟ್ಟಿ ಗೊತ್ತಾ ಅಮ್ಮ? ಹೆಂಗಸರ ಕೈ ಅಂತ ಅನ್ಸೋದೇ ಇಲ್ಲ."

"ಹೌದಾ," ಎಂದಳು ಉದ್ದಕ್ಕ. ಅವಳ ಕೈ ಹಿಟ್ಟಿನೊಳಗಿತ್ತು. ಹೊರಗೆ ತೆಗೆಯಲಿಲ್ಲ.

ಮೇಡಂ ಎಂದರೆ ಟೋಪಿಯಮ್ಮ. ಮಗಳು ಊಟ ಮಾಡುವಾಗ ಮೇಡಂ, ಮಲಗುವಾಗ ಮೇಡಂ. ಮೇಡಂ ಹಕ್ಕಿಯ ಕೂಗು ಗುರುತಿಸುತ್ತಾರೆ. ಮೇಡಂ ಮಣ್ಣನ್ನು ಮೂಸಿ ನೋಡುತ್ತಾರೆ. ಉದ್ದಕ್ಕನೂ ಮಣ್ಣು ಮೂಸಬಲ್ಲಳು. ಪ್ರತಿ ಮಳೆಗಾಲ ಮನೆಯೊಳಗಿನ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದವಳಿಗೆ ಆ ವಾಸನೆ ಮರೆಯುತ್ತದೆಯೇ? ಮಗಳು ಕೇಳಿರಲಿಲ್ಲ. ತಾಯಂದಿರು ಮಾಡುವುದು ಮಕ್ಕಳಿಗೆ ಕೆಲಸದ ಹಾಗೆ ಕಾಣುವುದಿಲ್ಲ, ಗಾಳಿಬೆಳಕಿನ ಹಾಗೆ ಕಾಣುತ್ತದೆ. ಸೋಮವಾರ ಅಮ್ಮ ಎಲ್ಲಿಗೆ ಹೋಗುತ್ತಾಳೆಂದು ಕೇಳಿದಾಗ "ನರ್ಸರಿಗೆ, ಕಳೆ ಕೀಳೋಕೆ" ಎಂದಿದ್ದಳು. ಸೀಟಿಯ ನಿಯಮ ಮುರಿದರೆ ಕೂಲಿ ಹೋಗುತ್ತಿತ್ತು.

ಏಳನೆಯ ಒಡ್ಡು ಮಗಳ ಗುಂಪಿನದು. ಆ ಸೋಮವಾರ ಉದ್ದಕ್ಕ ನೀರಿಗಿಳಿದಾಗ ಹಗ್ಗದ ತುದಿಯಲ್ಲಿ ಮಗಳ ತಲೆಯ ನೀಲಿ ರಿಬ್ಬನ್ ಕಂಡಿತು. ಗುರುತಿಗೆ ಕಟ್ಟಿದ್ದಳು. ಒಡ್ಡು ಎಲ್ಲರದರಂತೆಯೇ ತಪ್ಪಾಗಿತ್ತು. ಸಂದೆಲ್ಲ ಸೊಪ್ಪು, ದಿಮ್ಮಿಗಳು ಮರದ ಕೆಳಗಡೆ.

"ನಿನ್ನ ಮೊಮ್ಮಗು ಕಣೆ ಇದು," ಎಂದಳು ಅತ್ತಿಗೆ. "ನಿಧಾನಕ್ಕೆ ಎಳಿ."

ಉದ್ದಕ್ಕನಿಗೆ ನಗು ಬರಲಿಲ್ಲ. ಸೊಪ್ಪಿನ ಜೊತೆ ಮಗಳ ಬೆರಳಚ್ಚಿದ್ದ ಜೇಡಿಮಣ್ಣು ಕಳಚಿ ನೀರಿಗೆ ಬಿತ್ತು. ದಿಮ್ಮಿ ಎತ್ತಿದರು, ತಿರುಗಿಸಿದರು, ಸಿಕ್ಕಿಸಿದರು. ಮೊಣಕೈಯನ್ನು ದಿಮ್ಮಿಗೆ ಆನಿಸಿ ಬೆರಳನ್ನು ನೀರಿಗೆ ಮುಟ್ಟಿಸಿ ನೋಡಿದಳು. ಸರಿಯಿತ್ತು. ಒಳಗಡೆ, ಕಾಣದ ಕಡೆ, ತನ್ನ ಗಂಟು ಹಾಕಿದಳು. ಹೊರಗಡೆ ಮಗಳ ಗಂಟು, ರಿಬ್ಬನ್ ಸಮೇತ.

ಮುಂದಿನ ಶನಿವಾರ ಮಗಳು ಹಾರಿಕೊಂಡೇ ಬಂದಳು. "ಬುಧವಾರದ ಮಳೆಗೆ ನಮ್ಮ ಒಡ್ಡು ಒಂಚೂರೂ ಅಲುಗಾಡಿಲ್ಲಮ್ಮ! ಮೇಡಂ ಎಲ್ಲರ ಮುಂದೆ ಕೇಳಿದ್ರು, ಗಂಟು ಹಾಕಿದ ಕೈ ಯಾವುದು ಅಂತ. ನಾನು ಕೈ ಎತ್ತಿದೆ."

ಉದ್ದಕ್ಕ ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಹೆತ್ತ ಮಗಳು ಚಪ್ಪಾಳೆ ಗಿಟ್ಟಿಸಿದರೆ ತಾಯಿಗೆ ಕರುಳು ತಂಪಾಗಬೇಕು. ಅವಳಿಗೆ ಕರುಳು ಉರಿಯಿತು. ಮಗಳ ಮೇಲೂ ಹೊಟ್ಟೆಕಿಚ್ಚು ಪಡುವ ಹೆಂಗಸು ತಾನು ಎಂದು ಅವತ್ತು ಅವಳಿಗೆ ಗೊತ್ತಾಯಿತು. ಗೊತ್ತಾದದ್ದನ್ನು ಯಾರಿಗೆ ಹೇಳಿಕೊಳ್ಳುವುದು?

ಒಂಬತ್ತನೆಯದು ಕೊನೆಯ ಒಡ್ಡು. ಕಾಡು ಮುಗಿಯುವಲ್ಲಿ, ತಗ್ಗು ಕೇರಿಯ ನೆತ್ತಿಯ ಮೇಲೆ. ಅಲ್ಲಿ ನಿಂತರೆ ಕೇರಿಯ ಮನೆಗಳ ಹೆಂಚು ಕಾಲ ಕೆಳಗೆ ಕಾಣುತ್ತಿತ್ತು. ಆ ಶನಿವಾರ ಇಡೀ ದಂಡು ಸೇರಿ ಅದನ್ನು ಕಟ್ಟಿತು. ಸಂದು ಮುಚ್ಚಲು ಎರಡು ಗಾಡಿ ಸೊಪ್ಪು ಬಂತು. ಟೋಪಿಯಮ್ಮ ಖುದ್ದಾಗಿ ಜೇಡಿಮಣ್ಣು ಮೆತ್ತಿದಳು. ಹಿಂದೆ ದೊಡ್ಡ ಕೊಳ ನಿಂತಿತು.

ಸೋಮವಾರ ಹೆಂಗಸರು ಕೊಕ್ಕೆ ಹಿಡಿದು ಬಂದರೆ ಸೀಟಿ ದಾರಿಗೆ ಅಡ್ಡ ನಿಂತಿದ್ದ.

"ಒಂಬತ್ತನೇದು ಮುಟ್ಟಬೇಡಿ. ಬುಧವಾರ ದೊಡ್ಡವರು ಬರ್ತಾರೆ, ಬಹುಮಾನ ಕೊಡೋರು. ಕೊಳ ನೋಡೋಕೇ ಬರೋದು ಅವರು."

"ಅಯ್ಯೋ ಸಾರ್," ಎಂದಳು ಉದ್ದಕ್ಕ, "ಮೇಲೆ ಮೋಡ ನೋಡಿ. ಇದು ತುಂಬಿ ಒಡೆದ್ರೆ ನೀರು ಒಂದೇ ಸಲಕ್ಕೆ ಬರ್ತದೆ. ಮೊದಲಾದ್ರೆ ಮನೆಗೆ ನೀರು ನುಗ್ತಿತ್ತು. ಈಗ ದಿಮ್ಮಿನೂ ನುಗ್ತದೆ."

"ನೀನೇನು ಇಂಜಿನಿಯರಾ?"

"ಆ ಇಂಜಿನಿಯರ್ ನನ್ನ ಕೈ ಹಿಡಿದೇ ಹೇಳಿದ್ದು."

"ಕೈ ಹಿಡಿದ್ನಾ?" ಎಂದು ಸೀಟಿ ನಕ್ಕ. ಆ ನಗುವಿಗೆ ಅತ್ತಿಗೆಯ ಮುಖ ಕೆಂಪಾಯಿತು. "ಗುರುವಾರ ಬಿಚ್ಚಿ. ಮೂರು ದಿನದಲ್ಲಿ ಪ್ರಪಂಚ ಮುಳುಗಲ್ಲ."

ಮಂಗಳವಾರ ಮಧ್ಯಾಹ್ನ ಗುಡ್ಡದ ಮೇಲೆ ಮಳೆ ಹಿಡಿಯಿತು. ಸಂಜೆ ಮಗಳು ಮರುದಿನಕ್ಕೆಂದು ಹಸಿರು ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಉದ್ದಕ್ಕ ಹತ್ತಿರ ಕೂತಳು.

"ನಿಮ್ಮ ಮೇಡಂಗೆ ಒಂದು ಮಾತು ಹೇಳ್ತೀಯಾ? ಒಂಬತ್ತನೇ ಒಡ್ಡಿನ ಸೊಪ್ಪು ಇವತ್ತೇ ತೆಗೀಲಿ ಅಂತ."

"ಯಾಕೆ?"

"ನೀರು ಕೆಳಗೆ ಹೋಗೋಕೆ ದಾರಿ ಇಲ್ಲ. ಒಡೀತದೆ."

ಮಗಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. "ನೀನು ನೋಡಿದ್ಯಾ ಅದನ್ನ? ಮೇಡಂ ಇದರ ಮೇಲೆ ಎಷ್ಟು ಓದಿದ್ದಾರೆ ಗೊತ್ತಾ? ಇಲ್ಲಿವರೆಗೆ ಎಂಟು ಒಡ್ಡಲ್ಲಿ ಒಂದೂ ಒಡೆದಿಲ್ಲ."

"ಒಡೆದಿಲ್ಲ," ಎಂದಳು ಉದ್ದಕ್ಕ. ಯಾಕೆ ಒಡೆದಿಲ್ಲವೆಂದು ಹೇಳಿದರೆ ಕೂಲಿ ಹೋಗುತ್ತಿತ್ತು.

"ನಾನು ಮೇಡಂ ಅಂದ್ರೆ ಸಾಕು, ನಿನ್ನ ಮುಖ ಗಂಟಾಗತ್ತೆ. ನಾನೇನು ಕುರುಡೀನಾ? ನಿನಗೆ ಹೊಟ್ಟೆಕಿಚ್ಚು ಅಮ್ಮ."

ಉದ್ದಕ್ಕ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಸುಳ್ಳಾಗಿದ್ದರೆ ಒಂದು ಏಟು ಹಾಕಬಹುದಿತ್ತು. ನಿಜವಾಗಿದ್ದರಿಂದ ಕೈ ಏಳಲಿಲ್ಲ. ಕಿಚ್ಚೂ ನಿಜ, ಒಡ್ಡು ಒಡೆಯುವುದೂ ನಿಜ. ಒಂದು ನಿಜವನ್ನು ಹಿಡಿದು ಇನ್ನೊಂದರ ಬಾಯಿ ಮುಚ್ಚಿಸಿದ್ದಳು ಮಗಳು. ಅದೂ ಪಾಪ, ಬೇಕೆಂದು ಮಾಡಿದ್ದಲ್ಲ.

ಬುಧವಾರ ಬೆಳಿಗ್ಗೆ ಅತ್ತಿಗೆಯನ್ನು ಕರೆದಳು. ಅತ್ತಿಗೆ ಮುಖ ತಿರುಗಿಸಿ ಅಕ್ಕಿ ಆರಿಸುತ್ತ ಕೂತಳು.

"ನಾನು ಬರಲ್ಲ ಕಣೆ. ನಿಮ್ಮಣ್ಣ ಮೂರು ತಿಂಗಳಿಂದ ಮನೇಲೇ ಕೂತಿದ್ದಾನೆ. ಸೋಮವಾರದ ಕೂಲಿ ಹೋದ್ರೆ ನಮ್ಮನೆ ಒಲೆ ಹೋದ ಹಾಗೆ."

"ಒಡ್ಡು ಒಡೆದ್ರೂ ಒಲೆ ಹೋಗ್ತದೆ ಅತ್ತಿಗೆ."

"ಗೊತ್ತು. ಸಾಮಾನು ಅಟ್ಟಕ್ಕೆ ಹಾಕ್ತೀನಿ. ಪಕ್ಕದವರಿಗೂ ಹೇಳ್ತೀನಿ." ಸ್ವಲ್ಪ ತಡೆದು, "ನನ್ನ ಕೊಕ್ಕೆನೂ ತಗೊಂಡು ಹೋಗು," ಎಂದಳು.

ಉದ್ದಕ್ಕ ಎರಡು ಕೊಕ್ಕೆ ಹೆಗಲಿಗೇರಿಸಿ ಹಾಡಹಗಲಲ್ಲಿ ಹಳ್ಳದ ದಾರಿ ಹಿಡಿದಳು. ಮಳೆ ಜಿನುಗುತ್ತಿತ್ತು. ಆಚೆ ದಡದಲ್ಲಿ ಛತ್ರಿಗಳು, ಕುರ್ಚಿಗಳು, ಮೈಕು. ಹಸಿರು ಅಂಗಿಯವರ ಸಾಲು. ಟೋಪಿಯಮ್ಮ ಮಾತಾಡುತ್ತಿದ್ದಳು. ಅತಿಥಿಗಳು ಕೊಳದ ಕಡೆ ಬೆರಳು ತೋರಿಸಿ ತಲೆದೂಗುತ್ತಿದ್ದರು. ಕೊಳ ಮಣ್ಣಿನ ಬಣ್ಣಕ್ಕೆ ತಿರುಗಿ ಮೇಲಿನ ದಿಮ್ಮಿಯನ್ನು ಮುಟ್ಟಿತ್ತು. ಹಗ್ಗಗಳು ಬಿಗಿದು ಕಿರ್ರೆನ್ನುತ್ತಿದ್ದವು. ಆ ಸದ್ದು ಮೈಕಿನ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಉದ್ದಕ್ಕ ಈಚೆ ದಡದಿಂದ ಒಡ್ಡಿನ ಕೆಳಗಡೆಗೆ ಇಳಿದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಅಂಚಿನಲ್ಲಿ ನಿಂತು, ದಿಮ್ಮಿಯ ನೇರಕ್ಕೆ ಬರದಂತೆ, ಕೊಕ್ಕೆ ಚಾಚಿ ಮೊದಲ ಕಂತೆ ಸೊಪ್ಪು ಎಳೆದಳು. ಕಂದು ನೀರು ಬುಸ್ಸೆಂದು ಹಾರಿ ಅವಳ ತೊಡೆಗೆ ಬಡಿಯಿತು. ಎರಡನೆಯ ಕಂತೆ. ಮೂರನೆಯದು.

ಸೀಟಿ ಊದಿದ ಸದ್ದಿಗೆ ಮೈಕು ನಿಂತಿತು.

"ಏಯ್! ಯಾರು ಹೇಳಿದ್ದು ನಿನಗೆ? ಮೇಲೆ ಬಾ!"

"ನೀವು ಕೆಳಗೆ ಬನ್ನಿ," ಎಂದಳು ಉದ್ದಕ್ಕ. ತಿರುಗಲಿಲ್ಲ.

"ಯಾರು ಇವರು?" ಎಂದಳು ಟೋಪಿಯಮ್ಮ ಗಾಬರಿಯಾಗಿ. "ಯಾಕೆ ಹಾಳು ಮಾಡ್ತಿದ್ದಾರೆ? ಎಷ್ಟು ಜನರ ಶ್ರಮ ಅದು!"

"ಕೂಲಿಯವಳು ಮೇಡಂ. ತಲೆ ಸರಿಯಿಲ್ಲ," ಎಂದ ಸೀಟಿ.

ಹಸಿರು ಅಂಗಿಗಳ ನಡುವಿನಿಂದ ಇನ್ನೊಂದು ದನಿ ಬಂತು. ಸಣ್ಣ ದನಿ. "ಅಮ್ಮಾ, ಬಿಡು. ಪ್ಲೀಸ್. ಎಲ್ಲರೂ ನೋಡ್ತಿದ್ದಾರೆ."

ಉದ್ದಕ್ಕ ಆಗ ತಲೆ ಎತ್ತಿದಳು. ಮಗಳ ಮುಖ ನಾಚಿಕೆಯಿಂದ ಸುಡುತ್ತಿತ್ತು. ಟೋಪಿಯಮ್ಮ ಅವಳ ಹೆಗಲಿಗೆ ಕೈ ಹಾಕಿದ್ದಳು. ಕೇರಿಯ ಮೇಲಿನ ಪ್ರೀತಿಯಿಂದ ಮಾತಾಡಿದಳು ಎಂದು ಆಮೇಲೆ ಯಾರಾದರೂ ಹೇಳಬಹುದು. ಇಳಿದದ್ದು ಕೇರಿಗಾಗಿ. ಬಾಯಿ ತೆರೆದದ್ದು ಆ ಕೈಯನ್ನು ಕಂಡು.

"ನೋಡ್ಲಿ!" ಎಂದು ಕೂಗಿದಳು. "ಒಂಬತ್ತು ವಾರದಿಂದ ಯಾರೂ ನೋಡಬಾರದು ಅಂತ ಮಾಡಿದ್ದೇ ಸಾಕು. ನಿಮ್ಮ ಎಂಟೂ ಒಡ್ಡು ಸೋಮವಾರ ನಾವು ಬಿಚ್ಚಿ ಕಟ್ಟಿದ್ದು. ನಿಮ್ಮ ಸಸಿ ಚೀಲ ಬಿಚ್ಚಿ ನೆಟ್ಟಿದ್ದು ನಾವು. ಹೋಗಿ ಅಗೆದು ನೋಡ್ರಿ, ಒಂದ್ರಲ್ಲಾದ್ರೂ ಪ್ಲಾಸ್ಟಿಕ್ ಇದ್ಯಾ ಅಂತ!"

"ಸುಳ್ಳು," ಎಂದ ಸೀಟಿ. ಅವನ ಮುಖದಲ್ಲಿ ಬಣ್ಣವಿರಲಿಲ್ಲ.

"ಏಳನೇದು ನಿನ್ನದು," ಎಂದಳು ಉದ್ದಕ್ಕ ಮಗಳಿಗೆ. "ಹೊರಗಡೆ ನಿನ್ನ ರಿಬ್ಬನ್ನು. ಒಳಗಡೆ ಕೈ ಹಾಕಿ ನೋಡು, ಬಟ್ಟೆ ಒಣಹಾಕೋ ಹಗ್ಗಕ್ಕೆ ನಾನು ಹಾಕೋ ಗಂಟೇ ಇದೆ. ಅಲುಗಾಡದೆ ನಿಂತಿದ್ದು ಅದಕ್ಕೆ."

ಮಗಳು ತಾಯಿಯನ್ನು ನೋಡಿದಳು, ಆಮೇಲೆ ಸೀಟಿಯನ್ನು ನೋಡಿದಳು. ಸೀಟಿ ನೆಲ ನೋಡುತ್ತಿದ್ದ.

ಉದ್ದಕ್ಕ ತನ್ನ ಕಡೆಯ ಸೊಪ್ಪನ್ನು ಬಹಳ ತೆಗೆದಿದ್ದಳು. ದಿಮ್ಮಿ ಒಂದು ಪಕ್ಕಕ್ಕೆ ತಿರುಚಲು ಶುರುವಾಯಿತು. ಹಗ್ಗವೊಂದು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

"ಎರಡೂ ಕಡೆಯಿಂದ ಒಂದೇ ಸಮ ತೆಗೀಬೇಕು!" ಎಂದು ಅರಚಿದಳು. "ಆ ಕಡೆ ಯಾರಾದ್ರೂ ಇಳೀರಿ! ಬೇಗ!"

ಎರಡನೆಯ ಕೊಕ್ಕೆಯನ್ನು ಆಚೆ ದಡಕ್ಕೆ ಎಸೆದಳು. ಅದು ಕುರ್ಚಿಗಳ ಮುಂದೆ ಹೋಗಿ ಬಿತ್ತು. ಅತಿಥಿಗಳು ಹಿಂದೆ ಸರಿದರು. ಹೊಳೆಯುವ ಬೂಟುಗಳ ಸಾಲು ಅಲ್ಲೇ ನಿಂತಿತ್ತು. ಒಂದು ಬೂಟೂ ಮುಂದೆ ಬರಲಿಲ್ಲ.

"ಹೋಗಬೇಡ, ಅಪಾಯ," ಎಂದಳು ಟೋಪಿಯಮ್ಮ. ಮಗಳು ಹೆಗಲು ಕೊಡವಿದಳು. ಕೊಕ್ಕೆ ಎತ್ತಿಕೊಂಡು ಜಾರುತ್ತ ದಡ ಇಳಿದಳು.

"ಅಲ್ಲಲ್ಲ! ನಡುವಿಗೆ ಬರಬೇಡ. ಆ ಮರ ತಬ್ಬಿ ನಿಲ್ಲು. ಹಾಂ. ತುದಿ ಕೆಳಗೆ ಮಾಡು. ಚುಚ್ಚು, ತಿರುಗಿಸು, ಎಳಿ."

ಮಗಳು ಎಳೆದಳು. ಸೊಪ್ಪು ಬಂತು, ನೀರು ಮುಖಕ್ಕೆ ಹೊಡೆಯಿತು. ಕೆಮ್ಮಿದಳು. "ನನಗೆ ಯಾಕೆ ಹೇಳಲಿಲ್ಲ?" ಎಂದು ಆಚೆಯಿಂದ ಕಿರುಚಿದಳು. ಅಳುತ್ತಿದ್ದಳೋ ಬೈಯುತ್ತಿದ್ದಳೋ ತಿಳಿಯುತ್ತಿರಲಿಲ್ಲ. "ನನ್ನನ್ನ ಎಲ್ಲರ ಮುಂದೆ ಕೋತಿ ಮಾಡಿದೆ!"

"ಆಮೇಲೆ ಬೈ. ಈಗ ಎಳಿ. ನಾನು ಒಂದು ತೆಗೆದ್ರೆ ನೀನು ಒಂದು."

ಒಂದು ಇಲ್ಲಿಂದ, ಒಂದು ಅಲ್ಲಿಂದ. ದಿಮ್ಮಿ ತಿರುಚುವುದನ್ನು ನಿಲ್ಲಿಸಿತು. ನೀರು ಕೆಳಗಿನಿಂದ ದಾರಿ ಹುಡುಕಿಕೊಂಡು, ಗದ್ದಲ ಮಾಡುತ್ತ, ಆದರೆ ಹಳ್ಳದ ದಂಡೆ ಮೀರದೆ ಇಳಿಯತೊಡಗಿತು. ಕೊಳದ ಅಂಚು ಒಂದು ಬೆರಳು ತಗ್ಗಿತು. ಮತ್ತೊಂದು ಬೆರಳು. ಕೊಕ್ಕೆಯ ಕೋಲು ಉಜ್ಜಿ ಉದ್ದಕ್ಕನ ಅಂಗೈ ಸುಲಿದಿತ್ತು. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಆಚೆ ನಿಂತ ಟೋಪಿಯಮ್ಮನ ಮುಖ ಸಪ್ಪಗಾದದ್ದು ಕಂಡು ಅವಳಿಗೆ ಒಳಗೊಳಗೇ ಖುಷಿಯಾಯಿತು. ಖುಷಿಪಟ್ಟದ್ದಕ್ಕೆ ನಾಚಿಕೆಯಾಗಲಿಲ್ಲ.

ಅತಿಥಿಗಳು ಒಬ್ಬೊಬ್ಬರೇ ಕಾರಿನ ಕಡೆ ನಡೆದರು. ಸೀಟಿ ದಡದ ಅಂಚಿಗೆ ಬಂದ.

"ಸೋಮವಾರದಿಂದ ಕೆಲಸಕ್ಕೆ ಬರಬೇಡ."

"ಸೋಮವಾರ ಬರಲ್ಲ," ಎಂದಳು ಉದ್ದಕ್ಕ. "ಶನಿವಾರ ಬರ್ತೀನಿ. ಆ ಪುಸ್ತಕ ತಂದಿಟ್ಟಿರಿ. ನನ್ನ ಹೆಸರು ನಾನೇ ಬರೀತೀನಿ."

ಅವನು ಬಾಯಿ ತೆರೆದ. ಟೋಪಿಯಮ್ಮ ಕೈ ಅಡ್ಡ ತಂದು ಅವನನ್ನು ತಡೆದಳು. ಟೋಪಿಯಿಂದ ನೀರು ಸೋರುತ್ತಿತ್ತು. "ನಮಗೆ ಮೊದಲೇ ಹೇಳಬಹುದಿತ್ತಲ್ಲ?" ಎಂದು ಕೇಳಿದಳು. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

"ನೀವು ಇರೋದು ಶನಿವಾರ. ನಾವು ಶನಿವಾರ ಕಾಣಿಸಬಾರದು. ಎಲ್ಲಿ ಸಿಗ್ತೀವಿ?"

ಟೋಪಿಯಮ್ಮ ಕೈಗವಸು ಕಳಚಿದಳು. ಆಚೆ ದಡದಿಂದಲೇ ಎಸೆಯಲು ಕೈ ಎತ್ತಿದಳು. "ಇದನ್ನಾದ್ರೂ ಹಾಕ್ಕೊಳ್ಳಿ. ಕೈಯೆಲ್ಲ ರಕ್ತ."

"ಗವಸು ಬೇಡ," ಎಂದಳು ಉದ್ದಕ್ಕ. "ನನ್ನ ಮಗಳ ತೋಳು ಸೋತಿದೆ. ಅವಳ ಹಿಂದೆ ನಿಂತು ಹಿಡ್ಕೊಳ್ಳೋಕೆ ಒಬ್ಬರು ಬೇಕು. ಬರೋದಾದ್ರೆ ಬನ್ನಿ."

ಟೋಪಿಯಮ್ಮ ನೀರನ್ನು ನೋಡಿದಳು. ತನ್ನ ಬೂಟನ್ನು ನೋಡಿದಳು. ಅವಳು ಇಳಿದಳೋ ಇಲ್ಲವೋ ಎಂದು ಕಾಯುತ್ತ ನಿಲ್ಲಲು ಉದ್ದಕ್ಕನಿಗೆ ಪುರುಸೊತ್ತಿರಲಿಲ್ಲ. ಇನ್ನೂ ಅರ್ಧ ಒಡ್ಡಿನಲ್ಲಿ ಸೊಪ್ಪು ತುಂಬಿತ್ತು, ಮಳೆ ಜೋರಾಗುತ್ತಿತ್ತು.

"ನಿನ್ನ ಸರದಿ," ಎಂದಳು ಮಗಳಿಗೆ. "ಎಳಿ."